ಭಾನುವಾರ ಬಂದ ತಾರೆಯರು: ಬ್ಲ್ಯಾಕ್‌ಪೂಲ್‌ಗೆ ದೊಡ್ಡವರೆಲ್ಲ ಯಾಕೆ ಬರುತ್ತಿದ್ದರು?

ಅಮೆರಿಕದ ಹೆಸರಾಂತ ಗಾಯಕ ಫ್ರಾಂಕ್ ಸಿನಾಟ್ರಾ 1953ರ ಜುಲೈ 26ರಂದು ಬ್ಲ್ಯಾಕ್‌ಪೂಲ್ ಎಂಬ ಊರಿನಲ್ಲಿ ಹಾಡಿದರು. ಇಂಗ್ಲೆಂಡಿನ ವಾಯವ್ಯದಲ್ಲಿ, ಐರಿಷ್ ಸಮುದ್ರದ ದಡದಲ್ಲಿರುವ ಊರು ಇದು. ಬಟ್ಟೆ ಮಿಲ್ಲಿನ ಕೆಲಸಗಾರರು ಹೆಂಡತಿ ಮಕ್ಕಳ ಜೊತೆ ಬಂದು, ವರ್ಷಕ್ಕೊಂದು ವಾರ ಇದ್ದು ಹೋಗುತ್ತಿದ್ದ ಜಾಗ. ಹತ್ತು ವರ್ಷದ ಮೇಲೆ ಇದೇ ಊರಿಗೆ ಬೀಟಲ್ಸ್ ಎಂಬ ನಾಲ್ವರು ಹುಡುಗರ ಬ್ರಿಟಿಷ್ ಹಾಡಿನ ತಂಡ ಬಂತು, ಅದೂ ಒಂದೇ ಬೇಸಿಗೆಯಲ್ಲಿ ಹಲವು ಸಲ. 1964ರಲ್ಲಿ ರೋಲಿಂಗ್ ಸ್ಟೋನ್ಸ್ ಎಂಬ ರಾಕ್ ತಂಡ ಬಂದಾಗ ಹೊಡೆದಾಟವೇ ಆಗಿಹೋಯಿತು. 1967ರ ನವೆಂಬರಿನಲ್ಲಿ ಜಿಮಿ ಹೆಂಡ್ರಿಕ್ಸ್ ಇಲ್ಲಿ ಗಿಟಾರ್ ನುಡಿಸಿದರು. ಹಾಲಿವುಡ್ ನಟಿ ಜೇನ್ ಮ್ಯಾನ್ಸ್‌ಫೀಲ್ಡ್ 1959ರಲ್ಲಿ ಬಂದು ಊರಿನ ದೀಪಗಳನ್ನು ಹೊತ್ತಿಸಿ ಹೋದರು.

ಇಷ್ಟು ದೊಡ್ಡ ಹೆಸರಿನವರು ಇಂಥ ಊರಿಗೆ ಯಾಕೆ ಬಂದರು? ಹಳೇ ಫೋಟೋಗಳನ್ನು ನೋಡುವಾಗ ಈ ಪ್ರಶ್ನೆಯನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ. ಆ ಕಾಲದಲ್ಲಿ ಆ ಊರು ಜೋರಾಗಿತ್ತು, ಬಂದರು, ಅಷ್ಟೇ ಅಂದುಕೊಳ್ಳುತ್ತೇವೆ. ಆದರೆ ಅವರು ಬಂದ ತಾರೀಕುಗಳನ್ನು ಕ್ಯಾಲೆಂಡರ್ ಜೊತೆ ಇಟ್ಟು ನೋಡಿ. 1953ರ ಜುಲೈ 26 ಭಾನುವಾರ. ಬೀಟಲ್ಸ್ ಮೊದಲ ಸಲ ಅಲ್ಲಿನ ಎಬಿಸಿ ಥಿಯೇಟರ್‌ನಲ್ಲಿ ಹಾಡಿದ್ದು 1963ರ ಜುಲೈ 14ಕ್ಕೆ, ಅದೂ ಭಾನುವಾರ. ಆಗಸ್ಟ್ 4, ಆಗಸ್ಟ್ 25, ಮುಂದಿನ ವರ್ಷದ ಜುಲೈ 26, ಆಗಸ್ಟ್ 16, ಅದರ ಮುಂದಿನ ವರ್ಷದ ಆಗಸ್ಟ್ 1: ಎಲ್ಲವೂ ಭಾನುವಾರಗಳೇ.

ಇದು ಸುಮ್ನೆ ಕೂಡಿಬಂದದ್ದಲ್ಲ. ಬ್ಲ್ಯಾಕ್‌ಪೂಲ್‌ನ ವೇದಿಕೆ ಮೇಲೆ ಯಾರು, ಯಾವ ದಿನ, ಎಷ್ಟು ದಿನ ನಿಲ್ಲಬೇಕು ಅನ್ನುವುದನ್ನು ಎರಡು ಸಂಗತಿಗಳು ತೀರ್ಮಾನಿಸುತ್ತಿದ್ದವು. ಒಂದು, ಮಿಲ್ಲುಗಳ ರಜೆಯ ಪಟ್ಟಿ. ಇನ್ನೊಂದು, ಭಾನುವಾರದ ಬಗ್ಗೆ ಇದ್ದ ತುಂಬಾ ಹಳೇ ಕಾನೂನು. ಇವೆರಡೂ ಅರ್ಥವಾದರೆ ಆ ಕಾಲದ ಪೋಸ್ಟರುಗಳೆಲ್ಲ ಅರ್ಥವಾಗುತ್ತವೆ.

ಮೊದಲು ರಜೆಯ ವಿಷಯ. ಬ್ಲ್ಯಾಕ್‌ಪೂಲ್‌ಗೆ ರೈಲು ಬಂದದ್ದು 1846ರಲ್ಲಿ. ಅದರ ಹಿಂದೆ, ಒಳನಾಡಿನಲ್ಲಿ, ಲ್ಯಾಂಕಾಷೈರ್‌ನ ಹತ್ತಿ ಮಿಲ್ಲಿನ ಊರುಗಳಿದ್ದವು: ಓಲ್ಡ್‌ಹ್ಯಾಮ್, ಬರ್ನ್‌ಲಿ, ಬೋಲ್ಟನ್, ಬ್ಲ್ಯಾಕ್‌ಬರ್ನ್. ಇಲ್ಲೆಲ್ಲ ಹಿಂದಿನಿಂದ ಚರ್ಚಿನ ಹಬ್ಬಕ್ಕೆ ಅಂತ ಊರಿಗೂರೇ ಕೆಲಸ ನಿಲ್ಲಿಸುವ ಪದ್ಧತಿ ಇತ್ತು. ಮಿಲ್ಲುಗಳು ಬಂದ ಮೇಲೆ ಆ ಹಬ್ಬವೇ ವೇಕ್ಸ್ ವೀಕ್ ಎಂಬ ರಜೆಯ ವಾರವಾಯಿತು. ಆ ವಾರ ಊರಿನ ಅಷ್ಟೂ ಮಿಲ್ಲು ಬಂದ್. ಮಾಲೀಕರಿಗೂ ಇದು ಅನುಕೂಲವೇ ಆಗಿತ್ತು, ಬಾಯ್ಲರ್ ರಿಪೇರಿ ಮಾಡಿಸಿಕೊಳ್ಳಬಹುದಿತ್ತು. ಮಿಲ್ಲು ಮುಚ್ಚಿದ್ದರಿಂದ ಜನ ರೈಲು ಹತ್ತಿ ಸಮುದ್ರಕ್ಕೆ ಹೋದರು. ಅಂಗಡಿಯವರು, ಪಕ್ಕದ ಮನೆಯವರು, ಮಗ್ಗದ ಪಕ್ಕ ನಿಲ್ಲುವವರು, ಎಲ್ಲರೂ ಒಟ್ಟಿಗೆ.

ಈ ರಜೆಗೆ ಬಹಳ ಕಾಲ ಸಂಬಳವಿರಲಿಲ್ಲ. ಸಂಬಳದ ರಜೆಯ ಕಾನೂನು ಬ್ರಿಟನ್ನಿಗೆ ಬಂದದ್ದು 1938ರಲ್ಲಿ. ಅಲ್ಲಿಯವರೆಗೆ ಮಿಲ್ಲಿನಲ್ಲೇ ಚೀಟಿ ಥರದ ಉಳಿತಾಯದ ಕ್ಲಬ್ ಮಾಡಿಕೊಂಡು, ವಾರವಾರ ಚಿಲ್ಲರೆ ಕಟ್ಟಿ, ವರ್ಷಕ್ಕೊಮ್ಮೆ ಆ ಗಂಟು ತೆಗೆದು ಒಂದೇ ವಾರದಲ್ಲಿ ಖರ್ಚು ಮಾಡುತ್ತಿದ್ದರು. ವರ್ಷವಿಡೀ ಮಗ್ಗದ ಸದ್ದಿನಲ್ಲಿ ಕಿವಿ ಕೆಡಿಸಿಕೊಂಡವರು ಆ ಒಂದು ವಾರ ಜಿಪುಣತನ ಮಾಡಲು ತಯಾರಿರಲಿಲ್ಲ. ಒಳ್ಳೇ ಊಟ ಬೇಕು, ಡಾನ್ಸ್ ಬೇಕು, ನಗಬೇಕು. ಅವರ ಈ ಹಠದಿಂದಲೇ ಬ್ಲ್ಯಾಕ್‌ಪೂಲ್‌ನ ಅಷ್ಟೂ ರಂಗಮಂದಿರಗಳು ಎದ್ದು ನಿಂತವು.

ಮುಖ್ಯ ವಿಷಯ ಇನ್ನೂ ಮುಂದಿದೆ. ಎಲ್ಲ ಊರುಗಳಿಗೂ ಒಂದೇ ವಾರ ರಜೆ ಇರಲಿಲ್ಲ. ಒಂದೊಂದು ಊರಿಗೆ ಒಂದೊಂದು ವಾರ. ಬೇಸಿಗೆ ಶುರುವಾದಾಗಿನಿಂದ ಸೆಪ್ಟೆಂಬರ್‌ವರೆಗೆ ಸರದಿ ಪ್ರಕಾರ ಒಂದು ಊರು ಬರುತ್ತಿತ್ತು, ಇನ್ನೊಂದು ಹೋಗುತ್ತಿತ್ತು. ಜುಲೈ ಕೊನೆಯ ಎರಡು ವಾರ ಸ್ಕಾಟ್ಲೆಂಡಿನ ಗ್ಲಾಸ್ಗೋ ಕಾರ್ಖಾನೆಗಳಿಗೆ ರಜೆ, ಅವರೂ ಬರುತ್ತಿದ್ದರು. ನಾಟಕದವರ ಕಣ್ಣಿನಿಂದ ಇದನ್ನು ನೋಡಿ. ಪ್ರತಿ ಶನಿವಾರ ಹಳೇ ಪ್ರೇಕ್ಷಕರು ಖಾಲಿಯಾಗಿ ಹೊಸಬರು ತುಂಬಿಕೊಳ್ಳುತ್ತಾರೆ. ಹಾಗಿರುವಾಗ ಆಟ ಬದಲಿಸುವ ಅಗತ್ಯವೇ ಇಲ್ಲ! ಅದೇ ಹಾಡು, ಅದೇ ಜೋಕು, ಅದೇ ಸೆಟ್ ಇಟ್ಟುಕೊಂಡು ನಾಲ್ಕು ತಿಂಗಳು ಓಡಿಸಬಹುದು. ಬಾದಾಮಿಯ ಬನಶಂಕರಿ ಜಾತ್ರೆಗೆ ನಮ್ಮ ವೃತ್ತಿ ನಾಟಕ ಕಂಪನಿಗಳು ಬಂದು ಕ್ಯಾಂಪ್ ಹಾಕುತ್ತವಲ್ಲ, ಅದೇ ಲೆಕ್ಕ. ಇಲ್ಲಿ ಜಾತ್ರೆ ಇಡೀ ಬೇಸಿಗೆ ನಡೆಯಿತು, ವಾರಕ್ಕೊಂದು ಊರಿನವರು ಬಂದರು, ಅಷ್ಟೇ ವ್ಯತ್ಯಾಸ.

ಈ ಕಥೆಯಲ್ಲಿ ನಮ್ಮ ದೇಶದ ಪಾಲೂ ಇದೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಲ್ಯಾಂಕಾಷೈರ್ ಬಟ್ಟೆಗೆ ಅತಿ ದೊಡ್ಡ ಗಿರಾಕಿ ಇಂಡಿಯಾ. ನಮ್ಮ ನೇಕಾರರ ಹೊಟ್ಟೆ ಮೇಲೆ ಹೊಡೆದ ಆ ಮ್ಯಾಂಚೆಸ್ಟರ್ ಬಟ್ಟೆಯ ದುಡ್ಡಿನಲ್ಲೇ ಒಂದು ಚೂರು ಅಲ್ಲಿನ ಕೂಲಿಯಾಗಿ, ಉಳಿತಾಯದ ಕ್ಲಬ್ಬಿನ ಚಿಲ್ಲರೆಯಾಗಿ, ಕೊನೆಗೆ ಬ್ಲ್ಯಾಕ್‌ಪೂಲ್‌ನ ಟಿಕೆಟ್ ಕೌಂಟರಿಗೆ ಬಿತ್ತು. 1931ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಲ್ಯಾಂಕಾಷೈರ್‌ನ ಡಾರ್ವೆನ್‌ಗೆ ಹೋಗಿ ಕೆಲಸ ಕಳೆದುಕೊಂಡಿದ್ದ ಮಿಲ್ಲಿನವರನ್ನು ಕಂಡರು. ಅಲ್ಲಿನ ಜನ ಅವರನ್ನು ಪ್ರೀತಿಯಿಂದಲೇ ಬರಮಾಡಿಕೊಂಡರು. ಬ್ಲ್ಯಾಕ್‌ಪೂಲ್‌ಗೆ ರಜೆಗೆ ಹೋಗುತ್ತಿದ್ದವರು ಇಂಥ ಊರುಗಳ ಇಂಥ ಜನವೇ. ಅವರ ಸುಖದ ಹಿಂದೆ ನಮ್ಮ ನೇಕಾರರ ನಷ್ಟ ಇತ್ತು ಅನ್ನುವುದನ್ನು ಮರೆಯದೆ, ಅವರ ಒಂದು ವಾರದ ಖುಷಿಯನ್ನೂ ಗೌರವದಿಂದ ನೋಡಬೇಕು ಅಂತ ನನಗನ್ನಿಸುತ್ತದೆ.

ಇನ್ನು ರಂಗಮಂದಿರಗಳು. ಇಂಗ್ಲೆಂಡಿನ ಬೇಸಿಗೆಯಲ್ಲಿ ಮಳೆ ಯಾವಾಗ ಬರುತ್ತದೆ ಹೇಳೋಕಾಗಲ್ಲ. ಮಳೆ ಬಂದರೆ ಸಾವಿರಾರು ಜನರನ್ನು ಒಳಗೆ ಸೇರಿಸಿಕೊಳ್ಳುವ ಜಾಗ ಬೇಕು. ಆ ಯೋಚನೆಯಿಂದಲೇ 1878ರಲ್ಲಿ ವಿಂಟರ್ ಗಾರ್ಡನ್ಸ್ ಶುರುವಾಯಿತು. ಗಾಜಿನ ಚಾವಣಿ, ಗಿಡಗಳು, ಒಳಗೇ ಅಡ್ಡಾಡುವಷ್ಟು ಜಾಗ. ಅದರ ಒಳಗೇ 1889ರಲ್ಲಿ ಆಪೆರಾ ಹೌಸ್, 1896ರಲ್ಲಿ ಎಂಪ್ರೆಸ್ ಬಾಲ್‌ರೂಮ್ ಎಂಬ ನೃತ್ಯದ ಸಭಾಂಗಣ ಬಂದವು. ಸ್ವಲ್ಪ ದೂರದಲ್ಲಿ ಸಮುದ್ರದ ಎದುರಿಗೇ 1894ರಲ್ಲಿ ಬ್ಲ್ಯಾಕ್‌ಪೂಲ್ ಟವರ್ ಎದ್ದಿತು, 158 ಮೀಟರ್ ಎತ್ತರ. ಟವರ್ ಅಂದರೆ ಬರೀ ಕಬ್ಬಿಣದ ಕಂಬ ಅಂದುಕೊಳ್ಳಬೇಡಿ. ಅದರ ಬುಡದಲ್ಲಿ ಸರ್ಕಸ್ ಇತ್ತು, ಆಟದ ಕೊನೆಗೆ ನೆಲವೇ ಕೆಳಗಿಳಿದು ರಿಂಗಿನ ತುಂಬಾ ನೀರು ತುಂಬುತ್ತಿತ್ತು. ಅದರ ಜೊತೆಗೆ ಫ್ರಾಂಕ್ ಮ್ಯಾಚಮ್ ಎಂಬ ವಾಸ್ತುಶಿಲ್ಪಿ ಕಟ್ಟಿದ ಬಾಲ್‌ರೂಮ್. ಗ್ರ್ಯಾಂಡ್ ಥಿಯೇಟರ್ ಕಟ್ಟಿದ್ದೂ ಅವರೇ. ಇವಲ್ಲದೆ ಸಮುದ್ರದೊಳಗೆ ಚಾಚಿಕೊಂಡ ಪಿಯರ್ ಎಂಬ ಮೂರು ಉದ್ದನೆ ಕಟ್ಟೆಗಳು, ಅವುಗಳ ಮೇಲೂ ಆಟದ ಮಂದಿರಗಳು.

ಇಷ್ಟೊಂದು ಮಂದಿರಗಳಿದ್ದರೆ ಒಬ್ಬರ ಮೇಲೊಬ್ಬರು ಪೈಪೋಟಿಗೆ ಬಿದ್ದು ನಷ್ಟ ಮಾಡಿಕೊಳ್ಳುತ್ತಾರೆ ಅಲ್ವಾ? ಇಲ್ಲಿ ಹಾಗಾಗಲಿಲ್ಲ. ಟವರ್ ಕಂಪನಿ 1909ರಲ್ಲಿ ಗ್ರ್ಯಾಂಡ್ ಥಿಯೇಟರನ್ನು ಕೊಂಡುಕೊಂಡಿತು. 1928ರಲ್ಲಿ ವಿಂಟರ್ ಗಾರ್ಡನ್ಸನ್ನೂ ತೆಗೆದುಕೊಂಡಿತು. ಹೀಗೆ ಊರಿನ ದೊಡ್ಡ ಮಂದಿರಗಳಲ್ಲಿ ಬಹುಪಾಲು ಒಂದೇ ಕೈಗೆ ಬಂದವು. ಯಾವ ಮಂದಿರಕ್ಕೆ ಹಾಸ್ಯ, ಯಾವುದಕ್ಕೆ ಸಂಗೀತ, ಯಾವುದಕ್ಕೆ ಡಾನ್ಸ್ ಅಂತ ಹಂಚಿಕೊಡುವುದು ಸುಲಭವಾಯಿತು. ದೊಡ್ಡ ಕಲಾವಿದರಿಗೆ ದೊಡ್ಡ ಸಂಭಾವನೆ ಕೊಡುವ ತಾಕತ್ತೂ ಬಂತು. 1939ರ ಜುಲೈನಲ್ಲಿ ಆಪೆರಾ ಹೌಸನ್ನು ಮೂರನೇ ಸಲ ಹೊಸದಾಗಿ ಕಟ್ಟಿ ತೆರೆದರು. ಹೆಚ್ಚುಕಡಿಮೆ 3,000 ಜನ ಕೂರುವ ಜಾಗ. ಎರಡು ತಿಂಗಳಿಗೆ ಯುದ್ಧ ಶುರುವಾಯಿತು, ಆದರೂ ಮಂದಿರ ಉಳಿಯಿತು.

ಅಲ್ಲಿ ಸೋಮವಾರದಿಂದ ಶನಿವಾರದವರೆಗೆ ನಡೆಯುತ್ತಿದ್ದದ್ದು ಸಮ್ಮರ್ ಸೀಸನ್. ಪೋಸ್ಟರಿನ ಮೇಲೆ ‘ಟ್ವೈಸ್ ನೈಟ್ಲಿ’ ಅಂತ ಹಾಕುತ್ತಿದ್ದರು. ಸಂಜೆ ಆರು ದಾಟಿದ ಮೇಲೆ ಒಂದು ಆಟ, ಎಂಟೂವರೆ ಹೊತ್ತಿಗೆ ಇನ್ನೊಂದು. ಹಾಸ್ಯಗಾರ, ಹಾಡುಗಾರ, ಜಾದೂಗಾರ, ನರ್ತಕಿಯರ ಸಾಲು, ವೇದಿಕೆ ಮುಂದಿನ ತಗ್ಗಿನಲ್ಲಿ ಆರ್ಕೆಸ್ಟ್ರಾ. ಒಬ್ಬ ಹಾಸ್ಯಗಾರ ವಾರಕ್ಕೆ ಹನ್ನೆರಡು ಸಲ ಅದೇ ಮಾತಾಡಿ ಅದೇ ಜಾಗದಲ್ಲಿ ನಗಿಸಬೇಕು. ಅದೂ ನಾಲ್ಕು ತಿಂಗಳು! ಕೇಳಲು ಸುಲಭ, ಮಾಡಲು ಬಹಳ ಕಷ್ಟ.

ನನ್ನ ಮಟ್ಟಿಗೆ ಬ್ಲ್ಯಾಕ್‌ಪೂಲ್‌ನ ನಿಜವಾದ ತಾರೆಯರು ಇವರು. ಹಾಡುತ್ತಾ ನಗಿಸುವ ಜಾರ್ಜ್ ಫಾರ್ಂಬಿ ಹುಟ್ಟಿದ್ದು ವಿಗನ್‌ನಲ್ಲಿ, ಗಣಿ ಮತ್ತು ಮಿಲ್ಲುಗಳ ಊರು. ಕೈಯಲ್ಲಿ ಪುಟ್ಟ ಗಿಟಾರಿನಂಥ ಯುಕುಲೇಲಿ, ಮುಖದ ತುಂಬಾ ಹಲ್ಲು. ಗಾಯಕಿ ಗ್ರೇಸಿ ಫೀಲ್ಡ್ಸ್ ರೋಚ್‌ಡೇಲ್‌ನವರು, ಚಿಕ್ಕವಯಸ್ಸಿನಲ್ಲಿ ತಾವೇ ಹತ್ತಿ ಮಿಲ್ಲಿನಲ್ಲಿ ದುಡಿದವರು. ಇವರು ವೇದಿಕೆಗೆ ಬಂದು ಬಾಯಿ ತೆರೆದರೆ ಸಾಕು, ತಮ್ಮ ಬೀದಿಯ ಮಾತೇ ಕೇಳಿದ ಹಾಗೆ ಜನರಿಗೆ ಅನ್ನಿಸುತ್ತಿತ್ತು. ಲಂಡನ್‌ನವರು ಈ ಉಚ್ಚಾರಣೆಗೆ ಮೂಗು ಮುರಿಯುತ್ತಿದ್ದ ಕಾಲ ಅದು. ಇಲ್ಲಿ ಅದೇ ಉಚ್ಚಾರಣೆಗೆ ಹೌಸ್‌ಫುಲ್ ಬೋರ್ಡ್ ಬೀಳುತ್ತಿತ್ತು.

ಸೀಸನ್ ಕಲಾವಿದರು ಊರಲ್ಲೇ ವಾಸ. ರಂಗಭೂಮಿಯವರಿಗೇ ಅಂತ ಕೋಣೆ ಕೊಡುವ ಮನೆಯೊಡತಿಯರಿದ್ದರು. ರಾತ್ರಿ ಎರಡನೇ ಆಟ ಮುಗಿಸಿ ಬರುವವರಿಗೆ ಬಿಸಿ ಊಟ ಇಟ್ಟು ಕಾಯುವವರು ಇವರು. ಬೆಳಗ್ಗೆ ಕಲಾವಿದರು ಅಂಗಡಿ ಉದ್ಘಾಟನೆಗೆ ಹೋಗುತ್ತಿದ್ದರು, ಸಹಾಯಾರ್ಥ ಕ್ರಿಕೆಟ್ ಆಡುತ್ತಿದ್ದರು. ಹಾಗಾಗಿ ಊರಿನವರಿಗೆ ತಾರೆ ಅಂದರೆ ದೂರದಿಂದ ನೋಡುವ ಮನುಷ್ಯನಲ್ಲ, ಟ್ರಾಮಿನಲ್ಲೂ ಪೇಟೆಯಲ್ಲೂ ಎದುರಾಗುವ ಮನುಷ್ಯ. ಕೆಲವರಂತೂ ಬಂದವರು ಹೋಗಲೇ ಇಲ್ಲ. ಚಾರ್ಲಿ ಕೈರೋಲಿ ಎಂಬ ವಿದೂಷಕ 1939ರಲ್ಲಿ ಟವರ್ ಸರ್ಕಸ್‌ಗೆ ಬಂದರು. ಯುದ್ಧ ಶುರುವಾಗಿ ಇಲ್ಲೇ ಉಳಿದರು. 1979ರವರೆಗೆ, ನಲವತ್ತು ವರ್ಷ, ಅದೇ ರಿಂಗಿನಲ್ಲಿ ಮಕ್ಕಳನ್ನು ನಗಿಸಿದರು. ರೆಜಿನಾಲ್ಡ್ ಡಿಕ್ಸನ್ 1930ರಿಂದ 1970ರವರೆಗೆ ಟವರ್ ಬಾಲ್‌ರೂಮ್‌ನ ವುರ್ಲಿಟ್ಸರ್ ಆರ್ಗನ್ ನುಡಿಸಿದರು. ಅಮ್ಮ ಕುಣಿದ ಆರ್ಗನ್‌ಗೇ ಮಗಳೂ ಕುಣಿದಳು, ನುಡಿಸಿದವರೂ ಒಬ್ಬರೇ. ಒಂದು ರಾತ್ರಿಗೆ ಬಂದು ಹೋದ ಯಾವ ದೊಡ್ಡ ಹೆಸರಿಗೂ ಇಂಥ ನಂಟು ಸಿಗಲಿಲ್ಲ.

ಹಾಗಾದರೆ ಸಿನಾಟ್ರಾ, ಬೀಟಲ್ಸ್? ಇಲ್ಲಿ ಭಾನುವಾರದ ಕಾನೂನು ಬರುತ್ತದೆ.

ಬ್ರಿಟನ್ನಿನಲ್ಲಿ 1780ರಲ್ಲಿ ಒಂದು ಕಾನೂನು ಮಾಡಿದ್ದರು. ಭಾನುವಾರ ದೇವರ ದಿನ, ಅವತ್ತು ದುಡ್ಡು ತೆಗೆದುಕೊಂಡು ಮನರಂಜನೆ ಕೊಡುವಂತಿಲ್ಲ ಅಂತ. 1932ರಲ್ಲಿ ಅದನ್ನು ಸ್ವಲ್ಪ ಸಡಿಲ ಮಾಡಿ, ಸಿನಿಮಾಗೂ ಸಂಗೀತ ಕಚೇರಿಗೂ ಅವಕಾಶ ಕೊಟ್ಟರು. ನಾಟಕಕ್ಕೆ ಮಾತ್ರ ಕೊಡಲಿಲ್ಲ. ಭಾನುವಾರ ವೇದಿಕೆ ಮೇಲೆ ವೇಷ ಹಾಕುವಂತಿಲ್ಲ, ಬಣ್ಣ ಹಚ್ಚುವಂತಿಲ್ಲ, ಕುಣಿಯುವಂತಿಲ್ಲ. ಸಮ್ಮರ್ ಸೀಸನ್ ಆಟದ ಜೀವವೇ ವೇಷ, ಬಣ್ಣ, ಕುಣಿತ. ಹಾಗಾಗಿ ಆ ಆಟಕ್ಕೆ ಭಾನುವಾರ ರಜೆ.

ಆದರೆ ಊರಿನಲ್ಲಿ ಜನ ಮಾತ್ರ ಕಿಕ್ಕಿರಿದು ತುಂಬಿದ್ದಾರೆ. ಶನಿವಾರ ತಾನೇ ಬಂದಿಳಿದ ಹೊಸ ಊರಿನವರು, ಜೇಬಿನಲ್ಲಿ ವರ್ಷದ ಉಳಿತಾಯ ಹಾಗೇ ಇದೆ. ಮಂದಿರ ಖಾಲಿ. ಬಣ್ಣ ಹಚ್ಚದೆ, ವೇಷ ಹಾಕದೆ, ಸುಮ್ನೆ ಸೂಟು ತೊಟ್ಟು ನಿಂತು ಹಾಡುವವರು ಬೇಕು. ಅಂಥವರು ಒಂದೇ ರಾತ್ರಿಗೆ ಬಂದು ಹೋದರೂ ನಡೆಯುತ್ತದೆ. ಗಾಯಕರಿಗೂ ವಾದ್ಯ ತಂಡಗಳಿಗೂ ಹೇಳಿ ಮಾಡಿಸಿದ ಹಾಗಿತ್ತು ಈ ಜಾಗ. ಕಲಾವಿದರ ಕಡೆಯಿಂದ ನೋಡಿದರೂ ಅಷ್ಟೇ: ವಾರದಲ್ಲಿ ಆರು ದಿನ ಬೇರೆಲ್ಲೋ ಒಪ್ಪಂದ ಇರುತ್ತದೆ, ಭಾನುವಾರ ಕೈ ಖಾಲಿ.

ಬೀಟಲ್ಸ್‌ನ 1963ರ ಬೇಸಿಗೆ ನೋಡಿದರೆ ಇದು ಕನ್ನಡಿಯಷ್ಟು ಸ್ಪಷ್ಟ. ಜುಲೈ 8ರ ಸೋಮವಾರದಿಂದ 13ರ ಶನಿವಾರದವರೆಗೆ ಅವರು ಮಾರ್ಗೇಟ್‌ನಲ್ಲಿ ಹಾಡಿದರು. ಅದು ಇಂಗ್ಲೆಂಡಿನ ಆಗ್ನೇಯ ತುದಿಯ ಇನ್ನೊಂದು ಕಡಲೂರು. 14ರ ಭಾನುವಾರ ದೇಶದ ಆ ತುದಿಯಿಂದ ಈ ತುದಿಗೆ ಬಂದು ಬ್ಲ್ಯಾಕ್‌ಪೂಲ್‌ನಲ್ಲಿ ಹಾಡಿದರು. ಆಗಸ್ಟ್ 19ರಿಂದ 24ರವರೆಗೆ ದಕ್ಷಿಣ ಕರಾವಳಿಯ ಬೋರ್ನ್‌ಮೌತ್, 25ರ ಭಾನುವಾರ ಮತ್ತೆ ಬ್ಲ್ಯಾಕ್‌ಪೂಲ್. ಎಬಿಸಿ ಥಿಯೇಟರ್‌ನಲ್ಲಿ ಆ ಬೇಸಿಗೆ ಪೂರ್ತಿ ಸೀಸನ್ ನಡೆಸುತ್ತಿದ್ದವರು ಕ್ಲಿಫ್ ರಿಚರ್ಡ್ ಮತ್ತು ಶ್ಯಾಡೋಸ್ ತಂಡ. ಅವರ ಆಟಕ್ಕೆ ಬಿಡುವಿದ್ದ ದಿನ ಬೀಟಲ್ಸ್‌ಗೆ ಜಾಗ ಸಿಕ್ಕಿತು. ಅವತ್ತಿನ ಲೆಕ್ಕದಲ್ಲಿ ಕ್ಲಿಫ್ ದೊಡ್ಡ ಹೆಸರು, ಬೀಟಲ್ಸ್ ಭಾನುವಾರದ ಹುಡುಗರು. ಕೆಲವೇ ತಿಂಗಳಲ್ಲಿ ಈ ಲೆಕ್ಕ ತಲೆಕೆಳಗಾಯಿತು.

ಅದರ ಸುಳಿವು ಆಗಸ್ಟ್ 4ಕ್ಕೇ ಸಿಕ್ಕಿತ್ತು. ಆ ಭಾನುವಾರ ಅವರ ಆಟ ಕ್ವೀನ್ಸ್ ಥಿಯೇಟರ್‌ನಲ್ಲಿ. ಬಾಗಿಲ ಮುಂದೆ ಎಷ್ಟು ಜನ ಸೇರಿದ್ದರು ಅಂದರೆ ನಾಲ್ವರೂ ಒಳಗೆ ಹೋಗುವ ದಾರಿಯೇ ಇರಲಿಲ್ಲ. ಕೊನೆಗೆ ಪಕ್ಕದ ಕಟ್ಟಡ ಕೆಲಸದ ಅಂಗಳಕ್ಕೆ ನುಗ್ಗಿ, ಅಲ್ಲಿ ಕಟ್ಟಿದ್ದ ಸಾರುವೆ ಹತ್ತಿ, ಚಾವಣಿ ಮೇಲೆ ನಡೆದು, ಮೇಲಿನ ಬಾಗಿಲಿನಿಂದ ವೇದಿಕೆಯ ಅಟ್ಟಕ್ಕೆ ಇಳಿದರು. ಟಿಕೆಟ್ ಕೊಂಡವರು ಮುಂಬಾಗಿಲಿನಿಂದ, ಹಾಡುವವರು ಮಾಡಿನಿಂದ.

ಸಿನಾಟ್ರಾ ವಿಷಯದಲ್ಲಿ ಇನ್ನೊಂದು ಗಂಟಿದೆ. 1935ರಿಂದ 1956ರವರೆಗೆ ಅಮೆರಿಕದ ವಾದ್ಯ ತಂಡಗಳು ಬ್ರಿಟನ್ನಿಗೆ ಬಂದು ನುಡಿಸುವುದು ಹೆಚ್ಚುಕಡಿಮೆ ಸಾಧ್ಯವೇ ಇರಲಿಲ್ಲ. ನಮ್ಮ ವಾದಕರ ಹೊಟ್ಟೆಪಾಡು ಏನಾಗಬೇಕು ಅಂತ ಅಲ್ಲಿನ ಸಂಗೀತಗಾರರ ಸಂಘ ಹಠ ಹಿಡಿದಿತ್ತು, ಸರ್ಕಾರವೂ ಪರವಾನಗಿ ಕೊಡುತ್ತಿರಲಿಲ್ಲ. ಗಾಯಕರನ್ನು ಮಾತ್ರ ವೆರೈಟಿ, ಅಂದರೆ ಹಾಡು, ಹಾಸ್ಯ, ಜಾದೂ ಬೆರೆಸಿದ ಆಟಗಳ ಕಲಾವಿದರ ಪಟ್ಟಿಗೆ ಸೇರಿಸಿ ಒಳಗೆ ಬಿಡುತ್ತಿದ್ದರು. ಹಾಗಾಗಿ ಅಮೆರಿಕದ ಗಾಯಕರು ಒಬ್ಬರೇ ಬಂದು, ಇಲ್ಲಿನ ಆರ್ಕೆಸ್ಟ್ರಾ ಜೊತೆ ಹಾಡುತ್ತಿದ್ದರು. ಬ್ಲ್ಯಾಕ್‌ಪೂಲ್‌ನಲ್ಲಿ ಸಿನಾಟ್ರಾಗೆ ಸಾಥ್ ಕೊಟ್ಟದ್ದು ಬಿಲ್ಲಿ ಟರ್ನೆಂಟ್ ಅವರ ಬ್ರಿಟಿಷ್ ತಂಡ.

ಸಿನಾಟ್ರಾ ಆಗ ಏಳುಬೀಳಿನ ನಡುವೆ ಇದ್ದರು ಅನ್ನುವುದನ್ನೂ ಇಲ್ಲಿ ಹೇಳಬೇಕು. ಅಮೆರಿಕದಲ್ಲಿ ಅವರ ರೆಕಾರ್ಡುಗಳು ಮೊದಲಿನ ಹಾಗೆ ಓಡುತ್ತಿರಲಿಲ್ಲ. ಹಳೇ ಕಂಪನಿ ಕೈಬಿಟ್ಟಿತ್ತು, ಅದೇ ವರ್ಷ ಕ್ಯಾಪಿಟಲ್ ಎಂಬ ಹೊಸ ಕಂಪನಿ ಸೇರಿದ್ದರು. ಅವರಿಗೆ ಮತ್ತೆ ಹೆಸರು ತಂದುಕೊಟ್ಟ, ಮುಂದೆ ಆಸ್ಕರ್ ಗೆದ್ದುಕೊಟ್ಟ ಸಿನಿಮಾ ತೆರೆಕಂಡದ್ದು ಆಗಸ್ಟಿನಲ್ಲಿ. ಅಂದರೆ ಬ್ಲ್ಯಾಕ್‌ಪೂಲ್‌ನಲ್ಲಿ ಹಾಡಿದ ಕೆಲವೇ ದಿನಗಳ ಮೇಲೆ. ಆ ಕಷ್ಟದ ಹೊತ್ತಲ್ಲಿ ಆಪೆರಾ ಹೌಸ್ ಅವರಿಗೆ ವೇದಿಕೆ ಕೊಟ್ಟಿತು. ಬಿಬಿಸಿ ರೇಡಿಯೋ ಆ ಕಾರ್ಯಕ್ರಮವನ್ನು ದಾಖಲಿಸಿದ್ದರಿಂದ ಅವತ್ತಿನ ದನಿ ಇವತ್ತಿಗೂ ಕೇಳಲು ಸಿಗುತ್ತದೆ. ಚಪ್ಪಾಳೆ ಬೀಳುವ ಸದ್ದಿನಲ್ಲೇ ಜನ ಎಷ್ಟು ಹತ್ತಿರ ಕೂತಿದ್ದರು ಅಂತ ಗೊತ್ತಾಗುತ್ತದೆ.

ಬೇಸಿಗೆಯ ಕೊನೆಗೆ ಇನ್ನೊಂದು ಉಪಾಯ ಇತ್ತು: ದೀಪಾಲಂಕಾರ. ಸೆಪ್ಟೆಂಬರಿನಲ್ಲಿ ಚಳಿ ಶುರುವಾಗಿ ಜನ ಕಡಿಮೆಯಾಗುತ್ತಾರೆ. ಆಗ ಸಮುದ್ರ ದಂಡೆಯ ಉದ್ದಕ್ಕೂ ಬಣ್ಣದ ದೀಪ ಹಾಕಿ ಇನ್ನೂ ಕೆಲವು ವಾರ ಜನರನ್ನು ಎಳೆಯುವುದು. ದೀಪದ ಸ್ವಿಚ್ ಒತ್ತಲು ಪ್ರತಿ ವರ್ಷ ಒಬ್ಬ ಪ್ರಸಿದ್ಧರನ್ನು ಕರೆಯುತ್ತಿದ್ದರು. ಪತ್ರಿಕೆಗಳಲ್ಲಿ ಫೋಟೋ ಬರುತ್ತಿತ್ತು, ಅದೇ ಪ್ರಚಾರ. 1951ರಲ್ಲಿ ಊರಿನ ಫುಟ್‌ಬಾಲ್ ತಂಡದ ಹೀರೋ ಸ್ಟ್ಯಾನ್ಲಿ ಮ್ಯಾಥ್ಯೂಸ್, 1955ರಲ್ಲಿ ಸೋವಿಯತ್ ರಾಯಭಾರಿ ಯಾಕೋಬ್ ಮಲಿಕ್, 1964ರಲ್ಲಿ ಗ್ರೇಸಿ ಫೀಲ್ಡ್ಸ್. 1977ರಲ್ಲಂತೂ ಗ್ರ್ಯಾಂಡ್ ನ್ಯಾಷನಲ್ ರೇಸನ್ನು ಮೂರನೇ ಸಲ ಗೆದ್ದ ರೆಡ್ ರಮ್ ಎಂಬ ಕುದುರೆಯನ್ನೇ ಕರೆತಂದರು.

ರೋಲಿಂಗ್ ಸ್ಟೋನ್ಸ್ ಬಂದದ್ದು ಭಾನುವಾರ ಅಲ್ಲ. 1964ರ ಜುಲೈ 24, ಶುಕ್ರವಾರ. ಜಾಗ ಎಂಪ್ರೆಸ್ ಬಾಲ್‌ರೂಮ್. ಅಲ್ಲಿ ಕುರ್ಚಿ ಸಾಲು ಇರುವುದಿಲ್ಲ, ಜನ ನಿಂತೇ ಇರುತ್ತಾರೆ, ವೇದಿಕೆ ಕೈಗೆಟುಕುವಷ್ಟು ಹತ್ತಿರ. ಸುಮಾರು 7,000 ಜನ ಸೇರಿದ್ದರು. ತಾರೀಕು ನೋಡಿದರೆ ಗ್ಲಾಸ್ಗೋ ರಜೆಯ ವಾರ. ಕುಡಿದು ಬಂದಿದ್ದ ಕೆಲವರು ಮುಂದೆ ನಿಂತು ತಂಡದ ಮೇಲೆ ಉಗುಳತೊಡಗಿದರು. ತಂಡದ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಸಿಟ್ಟಿಗೆದ್ದು ಒಬ್ಬನಿಗೆ ಬೂಟುಗಾಲಿನಿಂದ ಒದ್ದರು. ಅಲ್ಲಿಗೆ ಮುಗಿಯಿತು. ತಂಡ ಹಿಂಬಾಗಿಲಿನಿಂದ ತಪ್ಪಿಸಿಕೊಂಡಿತು, ಜನ ಮಂದಿರದ ಮೇಲೆ ತಿರುಗಿಬಿದ್ದರು. ಗಾಜಿನ ದೀಪಗುಚ್ಛಗಳು ಚೂರಾದವು, ಪಿಯಾನೋ ಪುಡಿಯಾಯಿತು. ಊರಿನ ಕೌನ್ಸಿಲ್ ಈ ತಂಡ ಇನ್ನು ಇಲ್ಲಿ ಕಾಲಿಡಬಾರದು ಅಂತ ನಿಷೇಧ ಹಾಕಿತು. ಅದನ್ನು ತೆಗೆದದ್ದು 2008ರಲ್ಲಿ. ಈ ಪ್ರಸಂಗವನ್ನು ರಾಕ್ ಸಂಗೀತದ ಪುಂಡಾಟದ ಕಥೆಯಾಗಿ ಹೇಳುವುದೇ ಜಾಸ್ತಿ. ನನಗೆ ಕಾಣುವುದು ಬೇರೆ: ಜೋಡಿಯಾಗಿ ಕುಣಿಯುವವರಿಗೆ ಕಟ್ಟಿದ ನೆಲದ ಮೇಲೆ ಸಾವಿರಾರು ಜನರನ್ನು ಒಂದೇ ಕಡೆ ಮುಖ ಮಾಡಿ ನಿಲ್ಲಿಸಿದರು. ಅದಕ್ಕೆ ಬೇಕಾದ ಬಂದೋಬಸ್ತು ಅವತ್ತು ಯಾರಿಗೂ ಗೊತ್ತಿರಲಿಲ್ಲ.

ಅಷ್ಟು ಹೊತ್ತಿಗೆ ಟಿವಿ ಮನೆಮನೆಗೆ ಬಂದಿತ್ತು. ಎಬಿಸಿ ಥಿಯೇಟರಿನ ಮಾಲೀಕನಾಗಿದ್ದ ಸಿನಿಮಾ ಕಂಪನಿಗೇ ಒಂದು ಟಿವಿ ಕಂಪನಿಯೂ ಇತ್ತು. ಅದಕ್ಕೆ ಸಿಕ್ಕಿದ್ದು ಶನಿವಾರ, ಭಾನುವಾರದ ಪ್ರಸಾರ. ಮಂದಿರ ಭಾನುವಾರ ಖಾಲಿ, ಟಿವಿಗೆ ಭಾನುವಾರ ಕಾರ್ಯಕ್ರಮ ಬೇಕು. ಎರಡೂ ಸೇರಿ ‘ಬ್ಲ್ಯಾಕ್‌ಪೂಲ್ ನೈಟ್ ಔಟ್’ ಎಂಬ ನೇರ ಪ್ರಸಾರವಾಯಿತು. 1965ರ ಆಗಸ್ಟ್ 1ರಂದು ಬೀಟಲ್ಸ್ ಅದರಲ್ಲಿ ಬಂದರು. ಪಾಲ್ ಮೆಕಾರ್ಟ್ನಿ ಒಬ್ಬರೇ ಗಿಟಾರ್ ಹಿಡಿದು ‘ಯೆಸ್ಟರ್‌ಡೇ’ ಹಾಡಿದರು. ಆ ಹಾಡು ಟಿವಿಯಲ್ಲಿ ಕೇಳಿಸಿದ್ದು ಅದೇ ಮೊದಲು. ರೆಕಾರ್ಡು ಅಂಗಡಿಗೆ ಬರಲು ಇನ್ನೂ ಐದು ದಿನ ಇತ್ತು. ಹಾಡು ಮುಗಿದ ಮೇಲೆ ಜಾನ್ ಲೆನನ್ ಹೂಗುಚ್ಛ ತಂದುಕೊಟ್ಟು, ‘ಥ್ಯಾಂಕ್ಸ್ ರಿಂಗೋ, ಚೆನ್ನಾಗಿತ್ತು’ ಅಂತ ತಂಡದ ಡ್ರಮ್ ವಾದಕನ ಹೆಸರು ಹೇಳಿ ಕೀಟಲೆ ಮಾಡಿದರು. ಎರಡು ವಾರ ಕಳೆದು, ಆಗಸ್ಟ್ 15ಕ್ಕೆ, ಅದೇ ನಾಲ್ವರು ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ 55,000ಕ್ಕೂ ಹೆಚ್ಚು ಜನರ ಮುಂದೆ ಹಾಡಿದರು. ಒಂದು ರಾತ್ರಿಗೆ ಅಷ್ಟು ಟಿಕೆಟ್ ಮಾರಬಹುದು ಅಂತ ಗೊತ್ತಾದ ಮೇಲೆ 3,000 ಕುರ್ಚಿಯ ಮಂದಿರಕ್ಕೆ ಅಂಥ ತಂಡ ಯಾಕೆ ಬರುತ್ತದೆ?

ಇಳಿತ ಎಲ್ಲ ಕಡೆಯಿಂದ ಒಟ್ಟಿಗೆ ಬಂತು. ಹತ್ತಿ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು, ಅವುಗಳ ಜೊತೆ ರಜೆಯ ವಾರಗಳೂ ಹೋದವು. ವಿಮಾನದ ಪ್ಯಾಕೇಜ್ ಟೂರ್ ಅಗ್ಗವಾಗಿ ಜನ ಸ್ಪೇನ್‌ಗೆ ಹೊರಟರು, ಅಲ್ಲಿ ಬಿಸಿಲು ಗ್ಯಾರಂಟಿ. ಸಮುದ್ರ ದಂಡೆಗೆ ಹತ್ತಿರದಲ್ಲಿದ್ದ, 14 ಪ್ಲಾಟ್‌ಫಾರ್ಮಿನ ಸೆಂಟ್ರಲ್ ಸ್ಟೇಷನ್ 1964ರ ನವೆಂಬರಿನಲ್ಲಿ ಮುಚ್ಚಿತು. ಪ್ಯಾಲೇಸ್ ಥಿಯೇಟರ್ 1961ರಲ್ಲೇ ನೆಲಸಮವಾಗಿತ್ತು, ಬೀಟಲ್ಸ್ ಚಾವಣಿಯಿಂದ ಇಳಿದ ಕ್ವೀನ್ಸ್ ಕೂಡ 1970ರ ದಶಕದಲ್ಲಿ ಹೋಯಿತು. 1972ರಲ್ಲಿ ಸಂಸತ್ತು ಭಾನುವಾರ ನಾಟಕಕ್ಕೂ ಅನುಮತಿ ಕೊಟ್ಟಿತು. ಆ ಹೊತ್ತಿಗೆ ನಾಟಕವೇ ಸೊರಗಿತ್ತು.

ಅದೇ 1972ರಲ್ಲಿ ಗ್ರ್ಯಾಂಡ್ ಥಿಯೇಟರನ್ನು ಕೆಡವಲು ಮಾಲೀಕರು ಅರ್ಜಿ ಹಾಕಿದರು. ಊರಿನವರು ಸುಮ್ಮನಿರಲಿಲ್ಲ. ಗ್ರ್ಯಾಂಡ್ ಗೆಳೆಯರ ಬಳಗ ಕಟ್ಟಿಕೊಂಡು ವರ್ಷಗಟ್ಟಲೆ ಓಡಾಡಿದರು, ದುಡ್ಡು ಕೂಡಿಸಿದರು. 1981ರಲ್ಲಿ ಮಂದಿರ ಮತ್ತೆ ತೆರೆಯಿತು. ಈ ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಮಂದಿರವನ್ನು ಉಳಿಸಿದ್ದು ಅಲ್ಲಿ ಹಾಡಿದವರಿಗಿಂತ ಹೆಚ್ಚಾಗಿ ಟಿಕೆಟ್ ಕೊಂಡು ಕೂತಿದ್ದವರು.

2010ರಲ್ಲಿ ಟವರ್ ಮತ್ತು ವಿಂಟರ್ ಗಾರ್ಡನ್ಸ್ ಎರಡನ್ನೂ ಊರಿನ ಕೌನ್ಸಿಲ್ ಕೊಂಡುಕೊಂಡಿತು. ಎಂಪ್ರೆಸ್‌ನಲ್ಲಿ 1920ರಿಂದ ನಡೆದುಬಂದ ನೃತ್ಯ ಸ್ಪರ್ಧೆ ಈಗಲೂ ನಡೆಯುತ್ತದೆ. ಸ್ಟೋನ್ ರೋಸಸ್ ತಂಡ 1989ರ ಆಗಸ್ಟಿನಲ್ಲಿ ಅದೇ ನೆಲದ ಮೇಲೆ ಹಾಡಿ ಹೆಸರು ಮಾಡಿತು. ರಾಜಮನೆತನದ ಮುಂದೆ ನಡೆಯುವ ರಾಯಲ್ ವೆರೈಟಿ ಪ್ರದರ್ಶನ 1955ರಲ್ಲಿ ಮೊದಲ ಸಲ ಲಂಡನ್ ಬಿಟ್ಟು ಹೊರಗೆ ಬಂದದ್ದು ಬ್ಲ್ಯಾಕ್‌ಪೂಲ್ ಆಪೆರಾ ಹೌಸಿಗೆ. 2009ರ ಡಿಸೆಂಬರಿನಲ್ಲಿ ಅದೇ ಪ್ರದರ್ಶನಕ್ಕೆ ಅದೇ ವೇದಿಕೆ ಮೇಲೆ ಲೇಡಿ ಗಾಗಾ ಎತ್ತರದ ಕಾಲುಗಳ ಮೇಲೆ ನಿಂತ ಪಿಯಾನೋ ನುಡಿಸಿದರು.

ಇಂಥ ಯಾವುದಾದರೂ ಕಡಲೂರಿನ ಹಳೇ ಪೋಸ್ಟರ್ ನಿಮ್ಮ ಕಣ್ಣಿಗೆ ಬಿದ್ದರೆ ಮೊದಲು ಅದು ವಾರದ ಯಾವ ದಿನ ಅಂತ ನೋಡಿ. ಭಾನುವಾರ ಆಗಿದ್ದರೆ ಅದು ಒಂದು ರಾತ್ರಿಯ ಅತಿಥಿ. ಟ್ವೈಸ್ ನೈಟ್ಲಿ ಅಂತ ಇದ್ದರೆ ಆ ಕಲಾವಿದರು ಬೇಸಿಗೆ ಪೂರ್ತಿ ಅಲ್ಲೇ ಮನೆ ಮಾಡಿಕೊಂಡಿದ್ದರು ಅಂತ ಅರ್ಥ. ಆಮೇಲೆ ತಾರೀಕು ನೋಡಿ, ಅವತ್ತು ಯಾವ ಊರಿನ ಮಿಲ್ಲು ಬಂದ್ ಆಗಿತ್ತು ಅಂತ ಹುಡುಕಿ. ಮಂದಿರದಲ್ಲಿ ಯಾರು ಕೂತಿದ್ದರು ಅನ್ನುವುದು ಅಲ್ಲಿ ಸಿಗುತ್ತದೆ.